ಇಪ್ಪತ್ತರ ಆ ಚಳಿಗಾಲ: ಜಾನ್ ಸ್ಟುವರ್ಟ್ ಮಿಲ್ ಮತ್ತು ಸಂತೋಷದ ಪ್ರಶ್ನೆ

ಲಂಡನ್ನಿನ ಟೆಂಪಲ್ ಟ್ಯೂಬ್ ಸ್ಟೇಷನ್ನಿನಿಂದ ಹೊರಗೆ ಬಂದರೆ ಥೇಮ್ಸ್ ದಂಡೆಯ ಪಕ್ಕದಲ್ಲೇ ಒಂದು ಉದ್ಯಾನ ಇದೆ. ಅಲ್ಲಿ ಗಂಭೀರ ಮುಖದ ಒಬ್ಬ ಮನುಷ್ಯನ ಕಂಚಿನ ಪ್ರತಿಮೆ ಕಾಣುತ್ತದೆ. ಹೆಸರು ಜಾನ್ ಸ್ಟುವರ್ಟ್ ಮಿಲ್. ಪೊಲಿಟಿಕಲ್ ಸೈನ್ಸ್, ಎಕನಾಮಿಕ್ಸ್ ಅಥವಾ ಫಿಲಾಸಫಿ ಓದಿದವರಿಗೆ ಈ ಹೆಸರು ಗೊತ್ತೇ ಇರುತ್ತದೆ. ಸ್ವಾತಂತ್ರ್ಯದ ಬಗ್ಗೆ ಪುಸ್ತಕ ಬರೆದವನು, ಹೆಂಗಸರಿಗೂ ಓಟಿನ ಹಕ್ಕು ಬೇಕು ಅಂತ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ವಾದಿಸಿದವನು. ಪರೀಕ್ಷೆಗೆ ಇಷ್ಟು ಸಾಕು.

ಆದರೆ ಪರೀಕ್ಷೆಗೆ ಬಾರದ ಒಂದು ಕಥೆ ಅವನ ಬದುಕಿನಲ್ಲಿದೆ. ಅವನಿಗೆ ಇಪ್ಪತ್ತು ವರ್ಷವಾಗಿದ್ದಾಗ, ಅಂದರೆ ನಮ್ಮಲ್ಲಿ ಬಹಳ ಜನರ ವಯಸ್ಸಿನಲ್ಲಿ, ಒಂದು ಇಡೀ ಚಳಿಗಾಲ ಅವನಿಗೆ ಯಾವುದರಲ್ಲೂ ಸಂತೋಷವೇ ಸಿಗಲಿಲ್ಲ. ಹಾಗಂತ ಅವನು ಎಲ್ಲೂ ಫೇಲ್ ಆಗಿರಲಿಲ್ಲ. ಕೆಲಸ ಹೋಗಿರಲಿಲ್ಲ. ಪ್ರೀತಿಯಲ್ಲಿ ಸೋತಿರಲಿಲ್ಲ. ಎಲ್ಲವೂ ಪ್ಲ್ಯಾನ್ ಪ್ರಕಾರವೇ ನಡೆಯುತ್ತಿತ್ತು. ಆದರೂ ಒಳಗಡೆ ಖಾಲಿ. ಆ ಖಾಲಿತನದಿಂದ ಅವನು ಹೇಗೆ ಹೊರಗೆ ಬಂದ, ಬಂದಮೇಲೆ ಸಂತೋಷದ ಬಗ್ಗೆ ಏನು ಅರ್ಥಮಾಡಿಕೊಂಡ ಅನ್ನುವುದನ್ನು ಊರು ಬಿಟ್ಟು ಓದಲು ಬಂದಿರುವ ನಾವು ತಿಳಿದುಕೊಂಡರೆ ಒಳ್ಳೆಯದು ಅಂತ ಈ ಬರಹ.

ಅಪ್ಪನ ಮೇಜು

ಮಿಲ್ ಹುಟ್ಟಿದ್ದು 1806ರ ಮೇ 20ರಂದು, ಲಂಡನ್ನಿನ ಪೆಂಟನ್‌ವಿಲ್‌ನಲ್ಲಿ. ಒಂಬತ್ತು ಮಕ್ಕಳಲ್ಲಿ ಇವನೇ ಹಿರಿಯವನು. ಅಪ್ಪ ಜೇಮ್ಸ್ ಮಿಲ್ ಸ್ಕಾಟ್ಲೆಂಡಿನ ಒಂದು ಹಳ್ಳಿಯಲ್ಲಿ ಬೂಟು ಹೊಲಿಯುತ್ತಿದ್ದವನ ಮಗ. ಎಡಿನ್‌ಬರೋದಲ್ಲಿ ಓದಿ, ಲಂಡನ್ನಿಗೆ ಬಂದು, ಪತ್ರಿಕೆಗಳಿಗೆ ಬರೆದು ಸಂಸಾರ ನಡೆಸುತ್ತಿದ್ದ. ವಿದ್ಯೆಯೊಂದರಿಂದಲೇ ಮೇಲೆ ಬಂದ ಅಪ್ಪಂದಿರು ಮಕ್ಕಳ ವಿದ್ಯೆಯ ಬಗ್ಗೆ ಹೇಗಿರುತ್ತಾರೆ ಅಂತ ನಮಗೇನೂ ಹೊಸದಾಗಿ ಹೇಳಬೇಕಾಗಿಲ್ಲ.

ಜೇಮ್ಸ್ ಮಿಲ್‌ಗೆ ಒಬ್ಬ ದೊಡ್ಡ ಗೆಳೆಯನಿದ್ದ: ಜೆರೆಮಿ ಬೆಂಥಮ್. ಯೂನಿವರ್ಸಿಟಿ ಕಾಲೇಜ್ ಲಂಡನ್‌ಗೆ ಹೋದವರು ಇವನನ್ನು ನೋಡಿರಬಹುದು. ಬಟ್ಟೆ ತೊಡಿಸಿದ ಇವನ ಅಸ್ಥಿಪಂಜರವನ್ನು ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಹೆಚ್ಚು ಜನಕ್ಕೆ ಹೆಚ್ಚು ಸುಖ ಕೊಡುವ ಕೆಲಸವೇ ಸರಿಯಾದ ಕೆಲಸ ಅನ್ನುವುದು ಬೆಂಥಮ್‌ನ ಸಿದ್ಧಾಂತ. ಸುಖವನ್ನು ಅಳೆಯಬಹುದು ಅಂತಲೂ ಅವನು ನಂಬಿದ್ದ. ಎಷ್ಟು ತೀವ್ರ, ಎಷ್ಟು ಹೊತ್ತು ಇರುತ್ತದೆ, ಸಿಗುವುದು ಎಷ್ಟು ಖಚಿತ ಅಂತ ಲೆಕ್ಕ ಹಾಕಿ ಕೂಡಿ ಕಳೆಯಬಹುದು ಅನ್ನುತ್ತಿದ್ದ. ಈ ಸಿದ್ಧಾಂತವನ್ನು ಮುಂದಕ್ಕೆ ಒಯ್ಯಲು ಒಬ್ಬ ವಾರಸುದಾರ ಬೇಕಾಗಿತ್ತು. ಆ ಜಾಗಕ್ಕೆ ಪುಟ್ಟ ಜಾನ್ ಆಯ್ಕೆಯಾದ.

ಮೂರನೇ ವಯಸ್ಸಿಗೆ ಗ್ರೀಕ್ ಭಾಷೆ ಶುರುವಾಯಿತು. ಅಪ್ಪ ಕಾರ್ಡುಗಳ ಮೇಲೆ ಗ್ರೀಕ್ ಪದ, ಅದರ ಇಂಗ್ಲಿಷ್ ಅರ್ಥ ಬರೆದು ಕೊಡುತ್ತಿದ್ದ. ಏಳನೇ ವಯಸ್ಸಿಗೆ ಪ್ಲೇಟೋ. ಎಂಟಕ್ಕೆ ಲ್ಯಾಟಿನ್. ಕಲಿತದ್ದನ್ನು ತಮ್ಮ ತಂಗಿಯರಿಗೆ ಹೇಳಿಕೊಡುವ ಕೆಲಸವೂ ಇವನ ಮೇಲೆಯೇ. ಅವರು ಸರಿಯಾಗಿ ಕಲಿಯದಿದ್ದರೆ ಇವನೇ ಉತ್ತರ ಹೇಳಬೇಕು. ಹನ್ನೆರಡಕ್ಕೆ ತರ್ಕಶಾಸ್ತ್ರ, ಹದಿಮೂರಕ್ಕೆ ಅರ್ಥಶಾಸ್ತ್ರ. ಬೆಳಿಗ್ಗೆ ತಿಂಡಿಗೆ ಮುಂಚೆ ಅಪ್ಪನ ಜೊತೆ ವಾಕಿಂಗ್. ಅದೂ ಸುಮ್ಮನೆ ಅಲ್ಲ. ಹಿಂದಿನ ದಿನ ಓದಿದ್ದನ್ನು ಚೀಟಿಯಲ್ಲಿ ಬರೆದುಕೊಂಡು ಬಂದು ದಾರಿಯುದ್ದಕ್ಕೂ ಒಪ್ಪಿಸಬೇಕು. ರಜೆ ಅನ್ನುವುದೇ ಇಲ್ಲ, ಓದುವ ಅಭ್ಯಾಸ ತಪ್ಪಿಬಿಟ್ಟರೆ? ಸ್ಕೂಲಿಗೂ ಕಳಿಸಲಿಲ್ಲ. ಬೇರೆ ಹುಡುಗರ ಜೊತೆ ಸೇರಿದರೆ ಕೆಟ್ಟುಹೋಗುತ್ತಾನೆ ಅಂತ ಅಪ್ಪನ ಭಯ.

ಇದನ್ನೆಲ್ಲ ಕೇಳಿದರೆ ಜೇಮ್ಸ್ ಮಿಲ್ ಬರೀ ಕ್ರೂರಿ ಅನ್ನಿಸಬಹುದು. ಮಗನೇ ಹಾಗೆ ಹೇಳಲಿಲ್ಲ. ಆಗ ಅಪ್ಪ ಭಾರತದ ಇತಿಹಾಸದ ದೊಡ್ಡ ಗ್ರಂಥವೊಂದನ್ನು ಬರೆಯುತ್ತಿದ್ದ. ಅದೇ ಮೇಜಿನ ಇನ್ನೊಂದು ಕಡೆ ಕೂತು ಮಗ ಗ್ರೀಕ್ ಓದುತ್ತಿದ್ದ. ಮಗುವಿಗೆ ಬಳಸಲು ಆಗುವಂಥ ಗ್ರೀಕ್-ಇಂಗ್ಲಿಷ್ ನಿಘಂಟು ಇರಲಿಲ್ಲವಾದ್ದರಿಂದ ಗೊತ್ತಾಗದ ಪ್ರತಿಯೊಂದು ಪದಕ್ಕೂ ಅಪ್ಪನನ್ನೇ ಕೇಳಬೇಕು. ಸಿಡುಕು ಸ್ವಭಾವದ ಅಪ್ಪ ತನ್ನ ಬರವಣಿಗೆ ನಿಲ್ಲಿಸಿ ನಿಲ್ಲಿಸಿ ಉತ್ತರ ಕೊಡುತ್ತಿದ್ದ. ಬಾಯಿಪಾಠ ಮಾಡಿಸುತ್ತಿರಲಿಲ್ಲ. ಯೋಚಿಸಿ ಕಂಡುಕೊಳ್ಳಬಹುದಾದ್ದನ್ನು, ಮಗ ಪೂರ್ತಿ ಪ್ರಯತ್ನ ಮಾಡುವವರೆಗೂ ತಾನಾಗಿ ಹೇಳುತ್ತಿರಲಿಲ್ಲ. ಈ ಉಪಕಾರವನ್ನು ಮಿಲ್ ಕೊನೆಯವರೆಗೂ ನೆನೆದ. ಆದರೆ ಆ ಮನೆಯಲ್ಲಿ ಪ್ರೀತಿಯನ್ನು ತೋರಿಸುವ ಅಭ್ಯಾಸ ಇರಲಿಲ್ಲ ಅಂತಲೂ, ಅಪ್ಪನ ಮೇಲೆ ತಮಗೆ ಇದ್ದದ್ದು ಹೆಚ್ಚಾಗಿ ಭಯ ಅಂತಲೂ ಬರೆದ. ಅಮ್ಮನ ಬಗ್ಗೆ ಅವನ ಪ್ರಕಟವಾದ ಆತ್ಮಕಥೆಯಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ.

ಹದಿನಾಲ್ಕನೇ ವಯಸ್ಸಿನಲ್ಲಿ ಒಂದು ವರ್ಷ ಫ್ರಾನ್ಸಿಗೆ ಹೋಗುವ ಅವಕಾಶ ಬಂತು. ಹೊರಡುವ ಮುಂಚೆ ಅಪ್ಪ ಅವನನ್ನು ಹೈಡ್ ಪಾರ್ಕಿಗೆ ಕರೆದುಕೊಂಡು ಹೋಗಿ ಒಂದು ಮಾತು ಹೇಳಿದ. ನಿನ್ನ ವಯಸ್ಸಿನವರಿಗಿಂತ ನಿನಗೆ ಬಹಳ ಹೆಚ್ಚು ಗೊತ್ತಿದೆ, ಆದರೆ ಅದು ನಿನ್ನ ಹೆಚ್ಚುಗಾರಿಕೆ ಅಲ್ಲ, ಕಲಿಸುವ ಅಪ್ಪ ಸಿಕ್ಕಿದ ಅದೃಷ್ಟ ಅಷ್ಟೇ ಅನ್ನುವುದು ಅದರ ಸಾರ. ತಾನು ಬುದ್ಧಿವಂತ ಅನ್ನುವುದು ಹುಡುಗನಿಗೆ ಗೊತ್ತಾಗಿದ್ದೇ ಆಗ. ಫ್ರಾನ್ಸಿನಲ್ಲಿ ಅವನು ಪಿರನೀಸ್ ಬೆಟ್ಟಗಳನ್ನು ನೋಡಿದ, ಗಿಡಗಳ ಬಗ್ಗೆ ಆಸಕ್ತಿ ಬೆಳೆಸಿಕೊಂಡ. ಇವೆರಡೂ ಮುಂದೆ ಅವನ ಕೈ ಹಿಡಿದವು.

ಎಲ್ಲವೂ ಸರಿಯಾಗಿದ್ದಾಗ

ವಾಪಸ್ಸು ಬಂದಮೇಲೆ ಬೆಂಥಮ್‌ನ ಪುಸ್ತಕಗಳನ್ನು ಓದಿ ಮಿಲ್ ರೋಮಾಂಚನಗೊಂಡ. ಬದುಕಿಗೆ ಒಂದು ಗುರಿ ಸಿಕ್ಕಿತು. ಕಾನೂನುಗಳನ್ನು ಬದಲಾಯಿಸಬೇಕು, ಸಮಾಜವನ್ನು ಸುಧಾರಿಸಬೇಕು, ಜನರ ಸುಖ ಹೆಚ್ಚಿಸಬೇಕು. 1823ರಲ್ಲಿ, ಹದಿನೇಳನೇ ವಯಸ್ಸಿಗೆ, ಅಪ್ಪನ ಕೈಕೆಳಗೇ ಈಸ್ಟ್ ಇಂಡಿಯಾ ಕಂಪನಿಯ ಲೆಡನ್‌ಹಾಲ್ ಸ್ಟ್ರೀಟಿನ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ. ಹಗಲು ಕಚೇರಿ, ಉಳಿದ ಹೊತ್ತಿನಲ್ಲಿ ಲೇಖನ, ಚರ್ಚಾಕೂಟ, ಅಧ್ಯಯನದ ಗುಂಪು. ಜೊತೆಗೆ ನ್ಯಾಯಾಲಯದ ಸಾಕ್ಷ್ಯಗಳ ಬಗ್ಗೆ ಬೆಂಥಮ್ ಗೀಚಿ ಗುಡ್ಡೆ ಹಾಕಿದ್ದ ಹಸ್ತಪ್ರತಿಗಳನ್ನು ಸೇರಿಸಿ, ತಿದ್ದಿ, ಐದು ಸಂಪುಟದ ಪುಸ್ತಕ ಮಾಡುವ ಕೆಲಸ. ಇಷ್ಟೆಲ್ಲ ಇಪ್ಪತ್ತು ತುಂಬಿ ಸ್ವಲ್ಪವೇ ಕಾಲವಾಗಿದ್ದ ಹುಡುಗನಿಂದ.

1826ರ ಶರತ್ಕಾಲದಲ್ಲಿ ಒಂದು ದಿನ, ಮಂಕು ಕವಿದಂಥ ಮನಸ್ಸಿನಲ್ಲಿ ಅವನು ತನಗೆ ತಾನೇ ಒಂದು ಪ್ರಶ್ನೆ ಹಾಕಿಕೊಂಡ. ಬದುಕಿನಲ್ಲಿ ತಾನು ಬಯಸಿದ ಎಲ್ಲ ಸುಧಾರಣೆಗಳೂ ಈ ಕ್ಷಣವೇ ಆಗಿಬಿಟ್ಟರೆ ತನಗೆ ಸಂತೋಷ ಆಗುತ್ತದಾ? ಒಳಗಿನಿಂದ ಬಂದ ಉತ್ತರ, ಇಲ್ಲ.

ಅಷ್ಟೇ. ಅದುವರೆಗೂ ಅವನ ಬದುಕು ನಿಂತಿದ್ದ ಅಡಿಪಾಯ ಕುಸಿಯಿತು. ಗುರಿಯ ಕಡೆ ಓಡುವುದರಲ್ಲೇ ಸುಖ ಇದೆ ಅಂದುಕೊಂಡಿದ್ದ. ಗುರಿಯೇ ಬೇಡವಾದರೆ ಓಡುವುದರಲ್ಲಿ ಏನು ಸುಖ? ನಿದ್ದೆ ಮಾಡಿದರೆ ಸರಿಹೋಗುತ್ತದೆ ಅಂದುಕೊಂಡ. ಬೆಳಿಗ್ಗೆ ಎದ್ದಾಗಲೂ ಅದೇ ಭಾರ. ಇಷ್ಟದ ಪುಸ್ತಕಗಳನ್ನು ತೆಗೆದ, ಅವು ಬರೀ ಅಕ್ಷರಗಳಾಗಿ ಕಂಡವು.

ವಿಚಿತ್ರ ಅಂದರೆ ಹೊರಗಿನಿಂದ ನೋಡಿದವರಿಗೆ ಏನೂ ಗೊತ್ತಾಗಲಿಲ್ಲ. ಅವನು ಕಚೇರಿಗೆ ಹೋಗುತ್ತಿದ್ದ, ಬರೆಯುತ್ತಿದ್ದ, ಚರ್ಚಾಕೂಟದಲ್ಲಿ ಭಾಷಣ ಮಾಡುತ್ತಿದ್ದ. ಎಲ್ಲ ಬರೀ ಅಭ್ಯಾಸಬಲದಿಂದ. ಆ ಕೂಟದಲ್ಲಿ ಅವನು ಹಲವು ವರ್ಷ ಮಾತಾಡಿದ್ದ, ಆ ಒಂದು ವರ್ಷ ಏನು ಮಾತಾಡಿದೆ ಅನ್ನುವುದು ಮಾತ್ರ ಆಮೇಲೆ ನೆನಪಿಗೇ ಬರಲಿಲ್ಲವಂತೆ. ಅಸೈನ್‌ಮೆಂಟ್ ಸರಿಯಾದ ಸಮಯಕ್ಕೆ ಸಬ್‌ಮಿಟ್ ಆಗುತ್ತಿದೆ, ಮಾರ್ಕ್ಸೂ ಬರುತ್ತಿದೆ, ಆದರೆ ಬರೆಯುತ್ತಿರುವವನು ಅಲ್ಲಿಲ್ಲ. ಇಂಥ ಸ್ಥಿತಿ ನಮ್ಮ ನಡುವೆ ಯಾರಿಗೂ ಗೊತ್ತಿಲ್ಲ ಅಂತ ಹೇಳುವ ಧೈರ್ಯ ನನಗಿಲ್ಲ.

ಯಾರ ಹತ್ತಿರ ಹೇಳಿಕೊಳ್ಳುವುದು? ಸಹಜವಾಗಿ ಅಪ್ಪನ ಹತ್ತಿರ ಹೋಗಬೇಕಿತ್ತು. ಆದರೆ ಅಪ್ಪನಿಗೆ ಇದು ಅರ್ಥವಾಗುವುದಿಲ್ಲ ಅಂತ ಅವನಿಗೆ ಅನ್ನಿಸಿತು. ಅರ್ಥವಾದರೂ ವಾಸಿ ಮಾಡಲು ಬರುವುದಿಲ್ಲ. ಇನ್ನೊಂದು ಕಾರಣವೂ ಇತ್ತು. ಅಪ್ಪ ತನ್ನ ಬದುಕಿನ ಇಷ್ಟು ವರ್ಷಗಳನ್ನು ಈ ಮಗನನ್ನು ತಯಾರು ಮಾಡಲು ಸುರಿದಿದ್ದ. ಆ ಪ್ರಯೋಗ ಸೋತಿತು ಅಂತ ಅಪ್ಪನಿಗೇ ಹೇಳಿ ನೋಯಿಸುವುದು ಹೇಗೆ? ಸೈಟು ಮಾರಿಯೋ, ಲೋನ್ ತೆಗೆದೋ ಮಕ್ಕಳನ್ನು ಓದಲು ಕಳಿಸಿದ ಮನೆಗಳಿಂದ ಬಂದವರಿಗೆ ಈ ಸಂಕಟ ಚೆನ್ನಾಗಿ ಅರ್ಥವಾಗುತ್ತದೆ. ವಾರಕ್ಕೊಮ್ಮೆ ಫೋನಿನಲ್ಲಿ ಚೆನ್ನಾಗಿದ್ದೀನಿ ಅಂತ ಹೇಳುವುದು ಸುಲಭ. ಮಿಲ್‌ಗೆ ಗೆಳೆಯರ ಪೈಕಿಯೂ ಹೇಳಿಕೊಳ್ಳುವಂಥವರು ಯಾರೂ ಕಾಣಲಿಲ್ಲ. ಒಬ್ಬನೇ ಹೊತ್ತುಕೊಂಡ.

ಬಿಡಿಸಿ ಬಿಡಿಸಿ ಖಾಲಿಯಾದದ್ದು

ಹೀಗೇಕಾಯಿತು ಅನ್ನುವುದನ್ನೂ ಅವನು ಬಿಡಿಸಿ ನೋಡಿದ. ಬಿಡಿಸಿ ನೋಡುವುದೊಂದನ್ನೇ ತಾನೇ ಅವನಿಗೆ ಕಲಿಸಿದ್ದು. ಅಪ್ಪನ ಶಿಕ್ಷಣದ ಲೆಕ್ಕಾಚಾರ ಹೀಗಿತ್ತು: ಒಳ್ಳೆಯ ಕೆಲಸದ ಜೊತೆ ಹೊಗಳಿಕೆಯನ್ನೂ, ಕೆಟ್ಟದ್ದರ ಜೊತೆ ಬೈಗುಳವನ್ನೂ ಜೋಡಿಸುತ್ತ ಹೋದರೆ, ಮಗು ತಾನಾಗಿ ಒಳ್ಳೆಯದರಲ್ಲಿ ಸುಖ ಕಾಣುತ್ತದೆ. ಆದರೆ ಹಾಗೆ ಹೊರಗಿನಿಂದ ಅಂಟಿಸಿದ ಸುಖದ ಅಂಟು ಗಟ್ಟಿಯಾಗಿರುವುದಿಲ್ಲ. ಜೊತೆಗೆ ಎಲ್ಲವನ್ನೂ ವಿಶ್ಲೇಷಣೆ ಮಾಡುವ ಅಭ್ಯಾಸ ಇದ್ದರೆ ಅದು ಬೇಗ ಕಿತ್ತುಬರುತ್ತದೆ. ಜೋಕನ್ನು ಬಿಡಿಸಿ ವಿವರಿಸಿದರೆ ನಗು ಬರುವುದಿಲ್ಲವಲ್ಲ, ಹಾಗೆ. ಹಡಗು ಸಜ್ಜಾಗಿದೆ, ಚುಕ್ಕಾಣಿ ಇದೆ, ಗಾಳಿ ಇಲ್ಲ ಅನ್ನುವಂಥ ಸ್ಥಿತಿ ಅವನದು.

ಆ ದಿನಗಳಲ್ಲಿ ಅವನನ್ನು ಕಾಡಿದ ಒಂದು ಚಿಂತೆ ಕೇಳಿದರೆ ನಗುವೂ ಬರುತ್ತದೆ, ಪಾಪ ಅಂತಲೂ ಅನ್ನಿಸುತ್ತದೆ. ಅವನಿಗೆ ಚಿಕ್ಕಂದಿನಿಂದ ಸಂಗೀತ ಇಷ್ಟ. ಸ್ವಲ್ಪ ಚೇತರಿಸಿಕೊಂಡಾಗ ವೇಬರ್‌ನ ಒಂದು ಒಪೆರಾ ಕೇಳಿ ಖುಷಿಪಟ್ಟ. ತಕ್ಷಣ ಹೊಸ ಚಿಂತೆ: ಸಂಗೀತದಲ್ಲಿ ಇರುವ ಸ್ವರಗಳು ಕೆಲವೇ. ಅವುಗಳನ್ನು ಜೋಡಿಸುವ ರೀತಿಗಳಿಗೂ ಒಂದು ಮಿತಿ ಇದೆ. ಅವುಗಳಲ್ಲಿ ಇಂಪಾದವು ಇನ್ನೂ ಕಡಿಮೆ. ಅವೆಲ್ಲ ಮುಗಿದುಹೋದರೆ ಮುಂದೆ ಹೊಸ ಮೊಜಾರ್ಟ್ ಹುಟ್ಟುವುದು ಹೇಗೆ? ಏಳು ಸ್ವರಗಳಲ್ಲಿ ಇಷ್ಟೊಂದು ರಾಗ ಕೇಳಿ ಬೆಳೆದ ನಮಗೆ ಇದು ತಮಾಷೆ. ಆದರೆ ಆತಂಕದಲ್ಲಿರುವ ಮನಸ್ಸು ಸುಖವನ್ನೂ ಲೆಕ್ಕಕ್ಕೆ ಹಾಕಿ, ಅದು ಯಾವಾಗ ಮುಗಿಯುತ್ತದೋ ಅಂತ ಕಾಯುತ್ತಿರುತ್ತದೆ. ಇದು ಅವನಿಗೂ ಆಮೇಲೆ ಗೊತ್ತಾಯಿತು.

ಹೀಗೆ ಒಂದು ವರ್ಷಕ್ಕಿಂತ ಹೆಚ್ಚು ಬದುಕಲು ತನ್ನಿಂದ ಸಾಧ್ಯವಿಲ್ಲ ಅಂತ ಅವನಿಗೆ ಅನ್ನಿಸಿತ್ತು. ಸುಮಾರು ಆರು ತಿಂಗಳು ಕಳೆದಿರಬೇಕು. ಮಾರ್ಮೊಂಟೆಲ್ ಅನ್ನುವ ಫ್ರೆಂಚ್ ಲೇಖಕನ ನೆನಪುಗಳ ಪುಸ್ತಕ ಓದುತ್ತಿದ್ದ. ಅದರಲ್ಲಿ ಒಂದು ಸನ್ನಿವೇಶ. ಅಪ್ಪ ತೀರಿಕೊಂಡಿದ್ದಾನೆ, ಮನೆಯವರೆಲ್ಲ ದಿಕ್ಕುತೋಚದೆ ಕೂತಿದ್ದಾರೆ. ಆಗ ಇನ್ನೂ ಹುಡುಗನಾಗಿದ್ದ ಮಾರ್ಮೊಂಟೆಲ್‌ಗೆ ಇದ್ದಕ್ಕಿದ್ದಂತೆ ತಾನೇ ಈ ಮನೆಗೆ ಎಲ್ಲವೂ ಆಗಬೇಕು ಅನ್ನಿಸುತ್ತದೆ, ಕಳೆದುಕೊಂಡವನ ಜಾಗ ತಾನು ತುಂಬುತ್ತೇನೆ ಅಂತ ಮನೆಯವರಿಗೂ ಧೈರ್ಯ ಬರುವಂತೆ ಮಾಡುತ್ತಾನೆ. ಇದನ್ನು ಓದುತ್ತ ಮಿಲ್ ಕಣ್ಣಲ್ಲಿ ನೀರು ಬಂತು.

ಆ ಕಣ್ಣೀರೇ ಅವನಿಗೆ ಬೆಳಕು. ತನ್ನೊಳಗಿನ ಭಾವನೆ ಸತ್ತುಹೋಗಿದೆ ಅಂದುಕೊಂಡಿದ್ದ. ಸತ್ತಿರಲಿಲ್ಲ. ತಾನು ಕಲ್ಲೂ ಅಲ್ಲ, ಮರದ ತುಂಡೂ ಅಲ್ಲ ಅಂತ ಗೊತ್ತಾದ ಮೇಲೆ ಭಾರ ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಬಿಸಿಲು, ಆಕಾಶ, ಪುಸ್ತಕ, ಮಾತುಕತೆ, ಇಂಥ ಸಣ್ಣ ಸಣ್ಣ ವಿಷಯಗಳಲ್ಲಿ ಮತ್ತೆ ಹಿತ ಕಾಣತೊಡಗಿತು. ಅಪ್ಪನ ಸಾವಿನ ಕಥೆ ಓದಿಯೇ ಈ ಮಗ ಅತ್ತನಲ್ಲ ಅಂತ ಮುಂದೆ ಕೆಲವರು ಅದಕ್ಕೆ ಮನೋವಿಶ್ಲೇಷಣೆಯ ಅರ್ಥಗಳನ್ನೂ ಹಚ್ಚಿದ್ದಾರೆ. ಅದು ಏನೇ ಇರಲಿ, ಒಂದೇ ಸಲಕ್ಕೆ ಅವನು ವಾಸಿಯಾಗಲಿಲ್ಲ ಅನ್ನುವುದನ್ನು ಗಮನಿಸಬೇಕು. ಆ ಮಂಕು ಹಲವು ಸಲ ಮರಳಿ ಬಂತು, ಕೆಲವು ಸಲ ತಿಂಗಳುಗಟ್ಟಲೆ ಇತ್ತು. ಆದರೆ ಮೊದಲಿನಷ್ಟು ಕೆಟ್ಟದಾಗಿ ಮತ್ತೆಂದೂ ಬರಲಿಲ್ಲ.

ಅವನು ಕಲಿತ ಎರಡು ಪಾಠ

ಈ ಅನುಭವದಿಂದ ಮಿಲ್ ಎರಡು ತೀರ್ಮಾನಕ್ಕೆ ಬಂದ. ಮೊದಲನೆಯದು ಸಂತೋಷದ ಬಗ್ಗೆ. ಬದುಕಿನ ಗುರಿ ಸಂತೋಷವೇ, ಅದನ್ನು ಅವನು ಬಿಡಲಿಲ್ಲ. ಆದರೆ ಅದನ್ನು ನೇರವಾಗಿ ಬೆನ್ನಟ್ಟಿದರೆ ಸಿಗುವುದಿಲ್ಲ. ಬೇರೆಯವರ ಒಳಿತು, ಒಂದು ಕಲೆ, ಒಂದು ಕೆಲಸ, ಹೀಗೆ ತನ್ನ ಸುಖಕ್ಕಿಂತ ಹೊರಗಿನ ಯಾವುದಾದರೂ ಒಂದರ ಮೇಲೆ, ಅದರ ಸಲುವಾಗಿಯೇ ಮನಸ್ಸಿಟ್ಟವರಿಗೆ ಸಂತೋಷ ದಾರಿಯಲ್ಲಿ ಸಿಗುತ್ತದೆ. ನಾನು ಸಂತೋಷವಾಗಿದ್ದೀನಾ ಅಂತ ಘಳಿಗೆಗೊಮ್ಮೆ ಕೇಳಿಕೊಂಡರೆ ಇದ್ದದ್ದೂ ಹೋಗುತ್ತದೆ. ನಿದ್ದೆ ಬಂತಾ ಬಂತಾ ಅಂತ ನೋಡುತ್ತ ಮಲಗಿದವರಿಗೆ ನಿದ್ದೆ ಬರುತ್ತದಾ?

ಎರಡನೆಯದು ಭಾವನೆಗಳ ಬಗ್ಗೆ. ಬುದ್ಧಿಯನ್ನು ಹರಿತ ಮಾಡಿದ ಹಾಗೆ ಭಾವನೆಗಳಿಗೂ ನೀರು ಗೊಬ್ಬರ ಹಾಕಬೇಕು. ವಿಶ್ಲೇಷಣೆ ತಪ್ಪಲ್ಲ, ಅದೊಂದೇ ಇದ್ದರೆ ತಪ್ಪು. ಇದಕ್ಕೆ ಅವನಿಗೆ ಸಹಾಯ ಮಾಡಿದವನು ವರ್ಡ್ಸ್‌ವರ್ತ್. ಮೊದಲು ಬೈರನ್‌ನನ್ನು ಓದಿ ನೋಡಿದ್ದ. ಬೈರನ್‌ನ ಕಾವ್ಯದಲ್ಲೂ ತನ್ನಂಥದ್ದೇ ಬೇಸರ ಇತ್ತು, ಪ್ರಯೋಜನ ಆಗಲಿಲ್ಲ. 1828ರಲ್ಲಿ ವರ್ಡ್ಸ್‌ವರ್ತ್‌ನ ಕವಿತೆಗಳನ್ನು ಕೈಗೆತ್ತಿಕೊಂಡ. ಬೆಟ್ಟ ಗುಡ್ಡ, ಹಳ್ಳಿಯ ಜನ, ಸಾಮಾನ್ಯ ದಿನಗಳು. ಹುಡುಗನಾಗಿದ್ದಾಗ ನೋಡಿದ ಪಿರನೀಸ್ ನೆನಪಾಯಿತು. ಆದರೆ ಬರೀ ದೃಶ್ಯದ ವರ್ಣನೆ ಆಗಿದ್ದರೆ ಸಾಲುತ್ತಿರಲಿಲ್ಲ. ಆ ದೃಶ್ಯ ಮನಸ್ಸಿನಲ್ಲಿ ಎಬ್ಬಿಸುವ ಭಾವನೆ ಆ ಕವಿತೆಗಳಲ್ಲಿತ್ತು. ಯಾರ ಪಾಲನ್ನೂ ಕಿತ್ತುಕೊಳ್ಳದೆ ಎಲ್ಲರೂ ಹಂಚಿಕೊಳ್ಳಬಹುದಾದ ಸುಖ ಅದು. ಲೋಕದ ಕಷ್ಟಗಳೆಲ್ಲ ತೀರಿದ ಮೇಲೂ ಉಳಿಯುವ ಸುಖ. ಅಂದರೆ 1826ರ ಆ ಪ್ರಶ್ನೆಗೆ ಉತ್ತರ. 1831ರಲ್ಲಿ ಅವನು ಲೇಕ್ ಡಿಸ್ಟ್ರಿಕ್ಟಿಗೆ ಹೋಗಿ ಆ ಕವಿಯನ್ನು ಭೇಟಿಯೂ ಆದ.

ಬೆಂಥಮ್‌ನ ಲೆಕ್ಕವನ್ನೂ ಅವನು ತಿದ್ದಿದ. ಸುಖ ಅನ್ನುವುದು ಬರೀ ಪ್ರಮಾಣದ ವಿಷಯವಲ್ಲ, ಅದರಲ್ಲಿ ಗುಣದ ವ್ಯತ್ಯಾಸವೂ ಇದೆ ಅಂತ 1861ರಲ್ಲಿ ಪ್ರಕಟಿಸಿದ ಯುಟಿಲಿಟೇರಿಯನಿಸಂ ಬರಹದಲ್ಲಿ ವಾದಿಸಿದ. ಎರಡೂ ಬಗೆಯ ಸುಖ ಗೊತ್ತಿದ್ದವರು ಯಾವುದನ್ನು ಆರಿಸಿಕೊಳ್ಳುತ್ತಾರೆ ಅಂತ ಕೇಳಿ ನೋಡಿ ಅನ್ನುವುದು ಅವನ ವಾದ.

ಆಮೇಲಿನ ಬದುಕು

1830ರಲ್ಲಿ ಹ್ಯಾರಿಯೆಟ್ ಟೇಲರ್ ಪರಿಚಯವಾದಳು. ಅವಳಿಗೆ ಮದುವೆಯಾಗಿತ್ತು, ಮಕ್ಕಳಿದ್ದರು. ಇಬ್ಬರ ನಡುವೆ ಗಾಢ ಸ್ನೇಹ ಬೆಳೆಯಿತು. ಲಂಡನ್ ಆಡಿಕೊಂಡಿತು, ಗೆಳೆಯರು ದೂರವಾದರು. ಗಂಡ ತೀರಿಕೊಂಡು ಎರಡು ವರ್ಷವಾದ ಮೇಲೆ, 1851ರಲ್ಲಿ, ಇಬ್ಬರೂ ಮದುವೆಯಾದರು. ಆಗಿನ ಕಾನೂನು ಹೆಂಡತಿಯ ಆಸ್ತಿ ಮತ್ತು ಸ್ವಾತಂತ್ರ್ಯದ ಮೇಲೆ ಗಂಡನಿಗೆ ಕೊಡುತ್ತಿದ್ದ ಅಧಿಕಾರಗಳನ್ನು ತಾನು ಎಂದೂ ಬಳಸುವುದಿಲ್ಲ ಅಂತ ಮಿಲ್ ಮದುವೆಗೆ ಮುಂಚೆಯೇ ಬರೆದುಕೊಟ್ಟ. ಅವನ ಮುಖ್ಯ ಬರಹಗಳಲ್ಲಿ ಅವಳ ಯೋಚನೆಯೂ ಸೇರಿದೆ ಅಂತ ಕೊನೆಯವರೆಗೂ ಹೇಳುತ್ತಿದ್ದ.

ಕಂಪನಿಯ ಕೆಲಸ 1858ರವರೆಗೆ, ಅಂದರೆ 35 ವರ್ಷ ನಡೆಯಿತು. ಇಲ್ಲಿ ಒಂದು ಮಾತು ಹೇಳಲೇಬೇಕು. ಭಾರತದ ಸಂಸ್ಥಾನಗಳ ಜೊತೆಗಿನ ಪತ್ರವ್ಯವಹಾರ ಬಹಳ ವರ್ಷ ಅವನ ವಿಭಾಗದ್ದೇ. 1831ರಲ್ಲಿ ಕಂಪನಿ ಮೈಸೂರಿನ ಆಡಳಿತವನ್ನು ಒಡೆಯರ ಕೈಯಿಂದ ತೆಗೆದುಕೊಂಡಾಗ, 1834ರಲ್ಲಿ ಕೊಡಗನ್ನು ನುಂಗಿದಾಗ, ಅವನು ಅದೇ ಕಚೇರಿಯಲ್ಲಿದ್ದ. ಒಂದು ಸಲವೂ ಭಾರತಕ್ಕೆ ಬರಲಿಲ್ಲ. ಅವನ ಅಪ್ಪನೂ ಬಾರದೆಯೇ ನಮ್ಮ ಇತಿಹಾಸ ಬರೆದಿದ್ದ. ಸ್ವಾತಂತ್ರ್ಯದ ಬಗ್ಗೆ ಅಷ್ಟು ಬರೆದ ಮಿಲ್, ಆ ಸ್ವಾತಂತ್ರ್ಯ ನಾಗರಿಕರೆಂದು ತಾನು ಎಣಿಸಿದ ಸಮಾಜಗಳಿಗೆ ಮಾತ್ರ ಅಂದ. ಆ ಪಟ್ಟಿಯಲ್ಲಿ ನಮ್ಮವರು ಇರಲಿಲ್ಲ. ಒಬ್ಬನ ಒಳಮನಸ್ಸಿನ ನೋವನ್ನು ಇಷ್ಟು ಸೂಕ್ಷ್ಮವಾಗಿ ನೋಡಬಲ್ಲವನು ದೂರದ ಜನರ ಬಗ್ಗೆ ಹೀಗೆ ಕುರುಡಾಗಿರಬಹುದು. ಅವನಿಂದ ಕಲಿಯುವಾಗ ಇದನ್ನೂ ನೆನಪಿಟ್ಟುಕೊಳ್ಳೋಣ.

1858ರಲ್ಲಿ ನಿವೃತ್ತನಾಗಿ ಹೆಂಡತಿಯ ಆರೋಗ್ಯಕ್ಕಾಗಿ ದಕ್ಷಿಣದ ಕಡೆ ಹೊರಟ. ದಾರಿಯಲ್ಲಿ, ಫ್ರಾನ್ಸಿನ ಅವಿನ್ಯಾನ್ ಊರಿನ ಹೋಟೆಲಿನಲ್ಲಿ, ನವೆಂಬರ್ 3ರಂದು ಹ್ಯಾರಿಯೆಟ್ ತೀರಿಕೊಂಡಳು. ಮದುವೆಯಾಗಿ ಏಳೂವರೆ ವರ್ಷ ಅಷ್ಟೇ. ಮಿಲ್ ಅವಳ ಸಮಾಧಿಯ ಹತ್ತಿರ ಒಂದು ಮನೆ ಕೊಂಡ. ಪ್ರತಿ ವರ್ಷ ಕೆಲವು ತಿಂಗಳು ಅಲ್ಲೇ ಕಳೆದ.

ಮೂವತ್ತೆರಡು ವರ್ಷ ಮುಂಚೆ ಕಾರಣವೇ ಇಲ್ಲದೆ ಬದುಕು ಸಾಕು ಅನ್ನಿಸಿದ್ದವನಿಗೆ ಈಗ ನಿಜವಾದ ಕಾರಣವೇ ಇತ್ತು. ಆದರೆ ಈ ಸಲ ಅವನು ಮುಳುಗಲಿಲ್ಲ. ದುಃಖ ಇರಲಿಲ್ಲ ಅಂತಲ್ಲ. ದುಃಖದ ಜೊತೆ ಮಾಡುವುದಕ್ಕೆ ಕೆಲಸವಿತ್ತು, ಜೊತೆಗೆ ಮಲಮಗಳು ಹೆಲೆನ್ ಇದ್ದಳು. ಹ್ಯಾರಿಯೆಟ್ ಜೊತೆ ಕೂತು ತಿದ್ದಿದ್ದ ಆನ್ ಲಿಬರ್ಟಿ ಪುಸ್ತಕವನ್ನು 1859ರಲ್ಲಿ ಅವಳಿಗೇ ಅರ್ಪಿಸಿ ಪ್ರಕಟಿಸಿದ. 1865ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಿಂದ ಪಾರ್ಲಿಮೆಂಟಿಗೆ ಆಯ್ಕೆಯಾದ. 1867ರ ಮೇ 20ರಂದು, ಅವನ 61ನೇ ಹುಟ್ಟುಹಬ್ಬದ ದಿನ, ಮತದಾನದ ಮಸೂದೆಯಲ್ಲಿ ಗಂಡಸು ಅನ್ನುವ ಪದ ತೆಗೆದು ವ್ಯಕ್ತಿ ಅಂತ ಹಾಕಬೇಕು ಅಂತ ತಿದ್ದುಪಡಿ ಮಂಡಿಸಿದ. ಪರವಾಗಿ 73 ಮತ, ವಿರುದ್ಧ 196. ಸೋತ. ಆದರೆ ಅಷ್ಟು ಮತ ಬಂತಲ್ಲ ಅಂತ ಖುಷಿಪಟ್ಟ.

ಅದೇ ವರ್ಷ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಯೂನಿವರ್ಸಿಟಿಯ ವಿದ್ಯಾರ್ಥಿಗಳ ಮುಂದೆ ಅವನು ಒಂದು ಸುದೀರ್ಘ ಭಾಷಣ ಮಾಡಿದ. ಯಾವ ಯೂನಿವರ್ಸಿಟಿಯಲ್ಲೂ ಡಿಗ್ರಿ ಓದದವನನ್ನು ಅವರು ರೆಕ್ಟರ್ ಆಗಿ ಆರಿಸಿದ್ದರು. ಶಿಕ್ಷಣ ಹೇಗಿರಬೇಕು ಅಂತ ಹೇಳುತ್ತ, ಬುದ್ಧಿ ಮತ್ತು ನೀತಿಯ ಜೊತೆಗೆ ಮೂರನೆಯದಾಗಿ ಕಾವ್ಯ, ಕಲೆ, ಸೌಂದರ್ಯದ ಮೂಲಕ ಭಾವನೆಗಳ ಶಿಕ್ಷಣವೂ ಬೇಕು ಅಂದ. ನಲವತ್ತು ವರ್ಷ ಹಿಂದಿನ ಆ ಚಳಿಗಾಲದ ಪ್ರಸ್ತಾಪ ಮಾಡಲಿಲ್ಲ. ಅದರ ಪಾಠವನ್ನು ಮಾತ್ರ ಆ ಹುಡುಗರ ಕೈಗೆ ಕೊಟ್ಟ.

1873ರ ಮೇ ತಿಂಗಳ ಮೊದಲಲ್ಲಿ, ಅವಿನ್ಯಾನ್ ಬಳಿ, ಕೀಟಗಳ ಅಧ್ಯಯನಕ್ಕೆ ಹೆಸರಾದ ಗೆಳೆಯ ಫಾಬ್ರ್ ಜೊತೆ ಗಿಡಗಳನ್ನು ಹುಡುಕುತ್ತ ಸುಮಾರು 15 ಮೈಲಿ ನಡೆದ. ಆಮೇಲೆ ಜ್ವರ ಹಿಡಿಯಿತು. ಮೇ 7ರಂದು ತೀರಿಕೊಂಡ. ಹ್ಯಾರಿಯೆಟ್ ಪಕ್ಕದಲ್ಲೇ ಮಣ್ಣು ಮಾಡಿದರು. ಆ ಚಳಿಗಾಲದ ಕಥೆ ಇರುವ ಆತ್ಮಕಥೆ ಅದೇ ವರ್ಷ, ಅವನು ಹೋದ ಮೇಲೆ ಪ್ರಕಟವಾಯಿತು.

ನಮಗೆ ಏನು?

1998ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಅಧ್ಯಕ್ಷನಾಗಿದ್ದ ಮಾರ್ಟಿನ್ ಸೆಲಿಗ್‌ಮನ್, ಕಾಯಿಲೆಗಳನ್ನು ಮಾತ್ರವಲ್ಲ, ಬದುಕನ್ನು ಬದುಕುವಂತೆ ಮಾಡುವುದು ಯಾವುದು ಅನ್ನುವುದನ್ನೂ ಮನಶ್ಶಾಸ್ತ್ರ ಅಧ್ಯಯನ ಮಾಡಬೇಕು ಅಂತ ಕರೆ ಕೊಟ್ಟ. ಪಾಸಿಟಿವ್ ಸೈಕಾಲಜಿ ಅನ್ನುವ ಶಾಖೆ ಹಾಗೆ ಬೆಳೆಯಿತು. ಕೆಲಸದಲ್ಲಿ ಮೈಮರೆತಾಗ ಸಿಗುವ ಸುಖವನ್ನು ಚಿಕ್ಸೆಂಟ್‌ಮಿಹಾಯಿ ಫ್ಲೋ ಅಂತ ಕರೆದ. 2011ರಲ್ಲಿ ಐರಿಸ್ ಮಾಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಸಂತೋಷವಾಗಿರುವುದು ಬಹಳ ಮುಖ್ಯ ಅಂತ ಮೊದಲೇ ತಲೆಗೆ ತುಂಬಿಸಿಕೊಂಡವರು ಖುಷಿಯ ಸಿನಿಮಾ ತುಣುಕು ನೋಡಿದಾಗ ಉಳಿದವರಿಗಿಂತ ಕಡಿಮೆ ಖುಷಿಪಟ್ಟರು. ಮಿಲ್ ತನ್ನ ಮೇಲೆಯೇ ಪ್ರಯೋಗವಾಗಿ ಕಂಡುಕೊಂಡದ್ದು ಬಹುಪಾಲು ಇದೇ.

ಆದರೆ ಅವನ ಕಥೆಯಲ್ಲಿ ನಾವು ಅನುಕರಿಸಬಾರದ್ದು ಒಂದಿದೆ. ಅವನು ಯಾರಿಗೂ ಹೇಳಲಿಲ್ಲ. ಆರು ತಿಂಗಳು ಒಬ್ಬನೇ ಹೊತ್ತ, ಅದೃಷ್ಟಕ್ಕೆ ಒಂದು ಪುಸ್ತಕ ಸಿಕ್ಕಿತು. ಪುಸ್ತಕ ಸಿಗುತ್ತದೆ ಅಂತ ನಾವು ಕಾಯಬೇಕಾಗಿಲ್ಲ. ನಮ್ಮ ಕಾಲದಲ್ಲಿ ಯೂನಿವರ್ಸಿಟಿಯಲ್ಲಿ ಕೌನ್ಸೆಲಿಂಗ್ ಇದೆ, ಡಾಕ್ಟರ್ ಇದ್ದಾರೆ. ಇದು ಅವರಿಗೆ ಅರ್ಥವಾಗುವುದಿಲ್ಲ ಅಂತ ನಾವು ಅಂದುಕೊಂಡಿರುವ ಅಪ್ಪ ಅಮ್ಮನಿಗೂ ಎಷ್ಟೋ ಸಲ ಅರ್ಥವಾಗುತ್ತದೆ. ಕೊನೇಪಕ್ಷ ಕನ್ನಡದಲ್ಲಿ ಹೇಳಿಕೊಳ್ಳಬಹುದಾದ ನಾವು ಇಷ್ಟು ಜನ ಇದ್ದೀವಿ.

ನವೆಂಬರ್ ಬಂದರೆ ಇಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು. ರೂಮಿನಲ್ಲಿ ಕೂತು, ಡಿಸರ್ಟೇಶನ್ ಮುಗಿದು, ಕೆಲಸ ಸಿಕ್ಕಿ, ವೀಸಾ ಬಂದುಬಿಟ್ಟರೆ ನನಗೆ ಸಂತೋಷ ಆಗುತ್ತದಾ ಅಂತ ಯಾರಿಗಾದರೂ ಅನ್ನಿಸಿ, ಒಳಗಿನಿಂದ ಇಲ್ಲ ಅಂತ ಉತ್ತರ ಬಂದರೆ, ಹೆದರಬೇಡಿ. ಒಂದು ಸಲ ಹೊರಗೆ ಬನ್ನಿ. ನಮ್ಮಲ್ಲಿ ಯಾರಿಗಾದರೂ ಫೋನ್ ಮಾಡಿ. ಟೆಂಪಲ್ ಸ್ಟೇಷನ್ ಪಕ್ಕದ ಉದ್ಯಾನಕ್ಕೆ ಹೋಗಿ ಆ ಗಂಭೀರ ಮುಖವನ್ನು ನೋಡಿ ಬರೋಣ, ಆಮೇಲೆ ಎಲ್ಲಾದರೂ ಕೂತು ಕಾಫಿ ಕುಡಿಯೋಣ.